ಆರತಕ್ಷತೆಗೆ ಕೆತ್ತಿದ ಕುಂಬಳಕಾಯಿ ಬಾಡದಂತೆ, ನೊಣ ಮುತ್ತದಂತೆ ಇಡುವುದು ಹೇಗೆ?

ತುಮಕೂರಿನ ಕಲ್ಯಾಣ ಮಂಟಪದಲ್ಲಿ ಅಲಂಕಾರಕ್ಕೆಂದು ಹಿಂದಿನ ದಿನವೇ ಕೆತ್ತಿಟ್ಟ ಸಿಹಿಗುಂಬಳ ಸಂಜೆಯೊಳಗೆ ಮುದುಡಿ, ಸಣ್ಣ ನೊಣ ಮುತ್ತಿಕೊಂಡಿತೆಂದು ಕೇಳಿದ್ದೀರಿ.

ಸಿಪ್ಪೆ ಗಾಯವಾಗದ ಬಲಿತ ಕುಂಬಳ ತಿಂಗಳುಗಟ್ಟಲೆ ಉಳಿಯುತ್ತದೆ. ಕತ್ತಿ ತಾಗಿದೊಡನೆ ತೇವ ಆರತೊಡಗುತ್ತದೆ, ಬೂಷ್ಟು ಹಿಡಿಯಲು ದಾರಿಯಾಗುತ್ತದೆ. ನೊಣಗಳನ್ನು ಕರೆಯುವುದು ಹುಳಿಯತೊಡಗಿದ ತಿರುಳಿನ ವಾಸನೆಯಾದ್ದರಿಂದ, ಬೀಜವನ್ನಷ್ಟೇ ತೆಗೆದು ಸುಮ್ಮನಾಗದೆ, ಒಳಗೋಡೆಯ ಮೇಲೆ ಬೆರಳಾಡಿಸಿದರೆ ಲೋಳೆಯೂ ನಾರಿನ ಎಳೆಯೂ ಸಿಗದಷ್ಟು ಚಮಚದ ಅಂಚಿನಿಂದ ಕೆರೆಯಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ.

ಬಳಿಕ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ದ್ರವರೂಪದ ಬ್ಲೀಚ್ ಬೆರೆಸಿ, ಕಾಯಿಯನ್ನು ಹತ್ತು ನಿಮಿಷ ಮುಳುಗಿಸಿ, ಬೋರಲು ಹಾಕಿ ಪೂರ್ತಿ ಒಣಗಿಸಿ, ಕತ್ತರಿಸಿದ ಅಂಚುಗಳಿಗೆಲ್ಲ ತೆಳುವಾಗಿ ವ್ಯಾಸಲೀನ್ ಸವರಿರಿ. ಬ್ಲೀಚ್ ನೀರಿಗೆ ವಿನೆಗರ್ ಅಥವಾ ನಿಂಬೆರಸ ಸೇರಿಸಲೇಬಾರದು, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಹೀಗೆ ತೊಳೆದ ಕಾಯಿ ಮತ್ತೆ ಅಡುಗೆಗಲ್ಲ. ಸಾಗುವಿಗೆ ಬೇಕಾದ ತಿರುಳನ್ನು ಮೊದಲೇ ತೆಗೆದಿಟ್ಟುಕೊಳ್ಳಿ.

ರಾತ್ರಿ ಒದ್ದೆ ಬಟ್ಟೆ ಸುತ್ತಿ ಫ್ರಿಜ್‌ನಲ್ಲಿಡಿ. ಒಳಗೆ ಮೇಣದ ಬತ್ತಿಯ ಬದಲು ಸಣ್ಣ ಎಲ್‌ಇಡಿ ದೀಪವಿಟ್ಟರೆ ಕಾಯಿ ಬೇಯುವುದಿಲ್ಲ. ಊಟದ ಹಾಲ್‌ನಲ್ಲಿ ಕೀಟನಾಶಕ ಸಿಂಪಡಿಸುವುದು ಸರಿಯಲ್ಲ. ವಿನೆಗರ್‌ಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದ ಬಟ್ಟಲನ್ನು ಮೇಜಿನ ಕೆಳಗೆ, ಕಾಯಿಯಿಂದ ತುಸು ದೂರದಲ್ಲಿಟ್ಟರೆ ನೊಣಗಳು ಅದಕ್ಕೇ ಬೀಳುತ್ತವೆ. ಇಷ್ಟೆಲ್ಲ ಮಾಡಿದರೂ ಬೇಸಿಗೆಯಲ್ಲಿ ಎರಡು ಮೂರು ದಿನಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.