ಸಾಂಬ್ರಾದಿಂದ ಕಲಬುರಗಿಗೆ ಅರ್ಧ ಗಂಟೆಯೇ ಅಥವಾ ಅರ್ಧ ದಿನವೇ?

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಕಲಬುರಗಿಗೆ ಹಾರಲು ಎಷ್ಟು ಹೊತ್ತು ಬೇಕು ಎಂಬುದು ಪ್ರಶ್ನೆ. ಒಂದು ಜಾಲತಾಣವು 35 ನಿಮಿಷವೆಂದೂ ಟಿಕೆಟ್ ಮಾರುವ ತಾಣವು ಹಲವು ಗಂಟೆಗಳೆಂದೂ ತೋರಿಸುವುದಕ್ಕೆ ಕಾರಣ ಬಹುಶಃ ಇಷ್ಟೇ: ಮೊದಲನೆಯದು ಈ ಎರಡು ನಿಲ್ದಾಣಗಳ ನಡುವಿನ ಸುಮಾರು 300 ಕಿ.ಮೀ. ನೇರ ಅಂತರವನ್ನು ವಿಮಾನದ ವೇಗದಿಂದ ಭಾಗಿಸುತ್ತದೆಯೇ ಹೊರತು, ಆ ಮಾರ್ಗದಲ್ಲಿ ವಿಮಾನ ಹಾರುತ್ತದೆಯೇ ಎಂಬುದನ್ನು ನೋಡುವುದಿಲ್ಲ. ಗಂಟೆಗೆ 500 ಕಿ.ಮೀ. ವೇಗದ ಎಟಿಆರ್ (ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ) ನೇರವಾಗಿ ಹಾರಿದರೂ ಮೇಲೇರುವುದು, ಕೆಳಗಿಳಿಯುವುದು, ರನ್‌ವೇ ಓಡಾಟ ಸೇರಿ ಒಂದು ಗಂಟೆಯ ಹತ್ತಿರವಾಗುತ್ತದೆ.

ಮೊದಲು ನಿಮ್ಮ ದಿನಾಂಕವನ್ನು ಹಾಕಿ, ‘ತಡೆರಹಿತ’ ಎಂಬುದನ್ನು ಮಾತ್ರ ಆರಿಸಿ ಹುಡುಕಿರಿ. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯಲ್ಲಿ ವೇಳಾಪಟ್ಟಿ ಬದಲಾಗುವುದರಿಂದ ಹಳೆಯ ಮಾಹಿತಿಯನ್ನು ನಂಬಬೇಡಿ. ಏನೂ ಸಿಗದಿದ್ದರೆ ಬೆಂಗಳೂರಿನ ಮೂಲಕ ಹೋಗುವ ಟಿಕೆಟ್‌ಗಳನ್ನು ನೋಡಬಹುದು, ಆದರೆ ಆಗ ಹಾರಾಟವೇ 900 ಕಿ.ಮೀ. ಆಗುತ್ತದೆ, ಬಾಗಿಲಲ್ಲಿರುವ ಊರಿಗೆ ರಾಜಧಾನಿಯನ್ನು ಸುತ್ತಿ ಹೋದಂತೆ. ಎರಡೂ ಹಾರಾಟಗಳು ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ಸಂಖ್ಯೆಯಲ್ಲಿ) ಇರಲಿ, ಇಲ್ಲದಿದ್ದರೆ ಮೊದಲನೆಯದು ತಡವಾದಾಗ ಎರಡನೆಯದರ ಹಣ ಕೈಬಿಟ್ಟುಹೋಗುವ ಸಾಧ್ಯತೆ ಹೆಚ್ಚು.

ನಾನಾಗಿದ್ದರೆ ವಿಜಯಪುರ, ಸಿಂದಗಿ, ಜೇವರ್ಗಿ ಮಾರ್ಗದ ರಾತ್ರಿ ಬಸ್ಸನ್ನೇ ಮೊದಲು ವಿಚಾರಿಸುತ್ತಿದ್ದೆ. ಬೆಂಗಳೂರಿನಲ್ಲಿ ಎರಡು ಹಾರಾಟಗಳ ನಡುವಿನ ಕಾಯುವಿಕೆ ಮೂರು ಗಂಟೆ ಮೀರಿದರೆ ವಿಮಾನದಿಂದ ಉಳಿಯುವ ಸಮಯ ಅಲ್ಪವೇ.