ಮಗಳ ಬಾಣಂತನಕ್ಕೆ ಟಿಕೆಟ್ ಆಗಿದೆ, ಈಗ ಸ್ತನ ಕ್ಯಾನ್ಸರ್ ಅಂತಿದ್ದಾರೆ: ಮೊದಲು ಯಾವುದು?

ಓದುಗರ ಪ್ರಶ್ನೆಗೆ ಕ್ಯಾನ್ಸರ್ ತಜ್ಞರ ಉತ್ತರ

ಪ್ರಶ್ನೆ: ನನಗೆ 58 ವರ್ಷ, ಮುಟ್ಟು ನಿಂತು ಆರೇಳು ವರ್ಷವಾಗಿದೆ. ಎಡ ಸ್ತನದಲ್ಲಿ ಸಿಕ್ಕಿದ ಗಂಟಿಗೆ ಬಯಾಪ್ಸಿ ಮಾಡಿಸಿದಾಗ ಕ್ಯಾನ್ಸರ್ ಎಂದು ಬಂತು. ಗಂಟು 2 ಸೆಂಟಿಮೀಟರ್, ಗ್ರೇಡ್ 2 (ಮಧ್ಯಮ ದರ್ಜೆ), ಇಆರ್ ಮತ್ತು ಪಿಆರ್ ಪಾಸಿಟಿವ್ (ಹಾರ್ಮೋನ್‌ನಿಂದ ಬೆಳೆಯುವ ಬಗೆ), ಹರ್2 ನೆಗೆಟಿವ್ (ಬೆಳವಣಿಗೆ ಹೆಚ್ಚಿಸುವ ಹರ್2 ಪ್ರೋಟೀನ್ ಹೆಚ್ಚಿಲ್ಲ). ಕಂಕುಳಿಗೆ ಹರಡಿದಂತೆ ಸ್ಕ್ಯಾನಿಂಗ್‌ನಲ್ಲಿ ಕಂಡಿಲ್ಲ. ಎರಡು ವಾರದೊಳಗೆ ಆಪರೇಷನ್ ಮಾಡಿಸಿ ಎಂದಿದ್ದಾರೆ. ಆದರೆ ನ್ಯೂಜೆರ್ಸಿಯಲ್ಲಿರುವ ಮಗಳಿಗೆ ಇನ್ನು ಎಂಟು ವಾರಕ್ಕೆ ಚೊಚ್ಚಲ ಹೆರಿಗೆ. ನನ್ನ ಟಿಕೆಟ್ ಇರುವುದು ಐದು ವಾರದ ನಂತರ. ಮೂರು ತಿಂಗಳು ಬಾಣಂತನ ಮುಗಿಸಿ ಬಂದು ಆಪರೇಷನ್ ಮಾಡಿಸಿಕೊಂಡರೆ ಆಗದೇ? ಅಲ್ಲಿಯವರೆಗೆ ಹಾರ್ಮೋನ್ ಮಾತ್ರೆ ನುಂಗುತ್ತಿದ್ದರೆ ಸಾಕು ಎಂದು ನೆಂಟರೊಬ್ಬರು ಹೇಳುತ್ತಾರೆ. ಆಪರೇಷನ್ ಆದ ಮೇಲೆ ಒಂದು ವರ್ಷ ವಿಮಾನ ಹತ್ತುವಂತಿಲ್ಲ ಎಂದು ಇನ್ನೊಬ್ಬರು. ಬಸುರಿ ಗಾಬರಿಯಾದಾಳು ಎಂದು ಮಗಳಿಗೆ ಏನೂ ತಿಳಿಸಿಲ್ಲ.
— ಹಾಸನದ ಓದುಗರು

ಉತ್ತರ: ಆಪರೇಷನ್ ಮುಗಿಸಿಕೊಂಡೇ ಹೋಗಿ ಅಮ್ಮ. ನಿಮ್ಮ ಪ್ರಯಾಣ ನಿಲ್ಲುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೇ. ಎಷ್ಟು ಮುಂದಕ್ಕೆ ಎಂಬುದನ್ನು ಕೆಳಗೆ ಲೆಕ್ಕ ಹಾಕಿ ತೋರಿಸುತ್ತೇನೆ.

ನಿಮ್ಮದು ಒಂದು ದಿನವೂ ತಡೆಯಲಾಗದ ತುರ್ತಲ್ಲ. ಕೈಗೆ ಸಿಗುವಷ್ಟು ದೊಡ್ಡದಾಗುವ ಮೊದಲೇ ಇಂಥ ಗಂಟು ಸಾಮಾನ್ಯವಾಗಿ ವರ್ಷಗಟ್ಟಲೆ ಒಳಗೇ ಬೆಳೆದಿರುತ್ತದೆ. ಹಾಗಾಗಿ ಪರೀಕ್ಷೆಗಳಿಗೆ, ಇನ್ನೊಬ್ಬ ವೈದ್ಯರ ಅಭಿಪ್ರಾಯಕ್ಕೆ, ಹಣ ಹೊಂದಿಸಿಕೊಳ್ಳಲು ಒಂದೆರಡು ವಾರ ಹೋದರೆ ಆತಂಕ ಬೇಡ. ಆದರೆ ನೀವು ಮೂರು ತಿಂಗಳು ಎಂದುಕೊಂಡಿರುವುದು ನಿಜಕ್ಕೂ ಮೂರು ತಿಂಗಳಲ್ಲ. ಟಿಕೆಟ್ಟಿಗೆ ಮುಂಚಿನ ಐದು ವಾರ, ಅಲ್ಲಿನ ಮೂರು ತಿಂಗಳು, ಬಂದ ಮೇಲೆ ಮತ್ತೆ ಸ್ಕ್ಯಾನಿಂಗ್ ಮಾಡಿಸಿ ಆಪರೇಷನ್ ದಿನ ಗೊತ್ತುಮಾಡಿಕೊಳ್ಳುವ ಹೊತ್ತಿಗೆ ನಾಲ್ಕೂವರೆ ತಿಂಗಳು ದಾಟಿರುತ್ತದೆ. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ, ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆಯ ಪ್ರಕಾರ, ಸ್ತನ ಕ್ಯಾನ್ಸರ್ ಆಪರೇಷನ್ ನಾಲ್ಕು ವಾರ ತಡವಾದಂತೆಲ್ಲ ಸಾವಿನ ಅಪಾಯ ಸುಮಾರು ಶೇ 8ರಷ್ಟು ಏರುತ್ತದೆ. ನೂರು ಜನರಲ್ಲಿ ಎಂಟು ಜನ ಹೆಚ್ಚಿಗೆ ಸಾಯುತ್ತಾರೆ ಎಂದು ಇದನ್ನು ಓದಿಕೊಳ್ಳಬೇಡಿ. ನೂರರಲ್ಲಿ ಹತ್ತು ಜನರಿಗೆ ಇದ್ದ ಅಪಾಯ ಹನ್ನೊಂದರ ಹತ್ತಿರಕ್ಕೆ ಹೋಗುತ್ತದೆ ಎಂದರ್ಥ. ಒಂದು ಸಲ ನಾಲ್ಕು ವಾರವಾದರೆ ಸಣ್ಣ ಏರಿಕೆಯೇ. ನಿಮ್ಮ ಯೋಜನೆಯಲ್ಲಿ ಅಂಥ ನಾಲ್ಕು ವಾರಗಳು ನಾಲ್ಕಕ್ಕೂ ಹೆಚ್ಚು ಸಲ ಬರುತ್ತವೆ. ಗುಣವಾಗುವ ಹಂತದಲ್ಲೇ ಸಿಕ್ಕಿರುವ ಕಾಯಿಲೆಯನ್ನು ಅಷ್ಟು ದಿನ ಸುಮ್ಮನೆ ಬಿಡಲು ನಾನು ಒಪ್ಪಲಾರೆ.

ಮಾತ್ರೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಮುಟ್ಟು ನಿಂತವರಲ್ಲಿ, ಇಆರ್ ಪಾಸಿಟಿವ್ ಇದ್ದಾಗ, ಲೆಟ್ರೊಜೋಲ್‌ನಂಥ ಮಾತ್ರೆಯನ್ನು ಆಪರೇಷನ್‌ಗೆ ಮೊದಲೇ ಕೊಡುವ ಕ್ರಮ ಇದೆ. 2020ರ ಕೋವಿಡ್ ದಿನಗಳಲ್ಲಿ ಆಪರೇಷನ್ ಥಿಯೇಟರ್‌ಗಳು ಸಿಗದೇ ಹೋದಾಗ ಹಲವು ದೇಶಗಳಲ್ಲಿ ವೈದ್ಯರು ಹೀಗೆ ಕಾಲ ತಳ್ಳಿದರು. ಆಗಲೂ ಗಂಟು ಕುಗ್ಗುತ್ತಿದೆಯೇ ಎಂದು ನಡುನಡುವೆ ಕೈಯಿಂದ, ಸ್ಕ್ಯಾನಿಂಗ್‌ನಿಂದ ನೋಡುತ್ತಿರಬೇಕಿತ್ತು, ಏಕೆಂದರೆ ಇಆರ್ ಪಾಸಿಟಿವ್ ಇದ್ದರೂ ಮಾತ್ರೆಗೆ ಬಗ್ಗದ ಗಂಟುಗಳುಂಟು. ಅಮೆರಿಕದಲ್ಲಿ ವಿಸಿಟರ್ ವೀಸಾದ ಮೇಲೆ ಇರುವ ನಿಮ್ಮನ್ನು ಹಾಗೆ ನೋಡುವವರು ಯಾರು? ಮೊದಲೇ ಇದ್ದ ಕಾಯಿಲೆಗೆ ಟ್ರಾವೆಲ್ ಇನ್ಶೂರೆನ್ಸ್ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ಅಲ್ಲಿನ ಆಸ್ಪತ್ರೆ ಖರ್ಚು ಕೈಯಿಂದ ಭರಿಸುವಂಥದ್ದಲ್ಲ. ಆಪರೇಷನ್ ತಡೆದುಕೊಳ್ಳುವಷ್ಟು ಆರೋಗ್ಯ ನಿಮಗಿರುವಾಗ ಬರೀ ಮಾತ್ರೆ ಹಿಡಿದು ಹೊರಡುವುದು ಸರಿಯಲ್ಲ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಸರ್ಜನ್ ಮುಂದೆ ಟಿಕೆಟ್ಟಿನ ದಿನ, ಹೆರಿಗೆಯ ದಿನ ಎರಡನ್ನೂ ಹೇಳಿ. ಎಷ್ಟೋ ಹೆಂಗಸರು ಮನೆಯ ವಿಷಯ ಡಾಕ್ಟರ ಹತ್ತಿರ ಯಾಕೆ ಎಂದು ಬಾಯಿ ಬಿಡುವುದೇ ಇಲ್ಲ. ಆಮೇಲೆ ಚಿಕಿತ್ಸೆಯ ನಡುವೆ ಕಾಣೆಯಾಗುತ್ತಾರೆ. ಮೊದಲೇ ಹೇಳಿದರೆ ದಿನಗಳನ್ನು ಹಿಂದೆ ಮುಂದೆ ಮಾಡಲು ನಮಗೂ ಸ್ವಲ್ಪ ಜಾಗವಿರುತ್ತದೆ.

ಎರಡು ವಾರದೊಳಗೆ ಆಪರೇಷನ್ ಆಯಿತು ಎನ್ನಿ. ತೆಗೆದ ಗಂಟಿನ, ಕಂಕುಳ ಗ್ರಂಥಿಗಳ ಪೂರ್ತಿ ರಿಪೋರ್ಟ್ ಬರಲು ಇನ್ನೊಂದೆರಡು ವಾರ. ಆ ರಿಪೋರ್ಟ್ ಬರುವವರೆಗೆ ಹೊಸ ಟಿಕೆಟ್ ಮಾಡಿಸಬೇಡಿ. ಮುಂದಿನ ದಾರಿ ಎರಡಾಗಿ ಕವಲೊಡೆಯುವುದು ಅಲ್ಲೇ. ಗ್ರಂಥಿಗಳಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ನಿಮ್ಮ ವಯಸ್ಸಿನಲ್ಲಿ, ನಿಮ್ಮ ಬಗೆಯ ಗಂಟಿಗೆ ಅನೇಕರಿಗೆ ಕೀಮೋ ಬೇಕಾಗುವುದಿಲ್ಲ. ಅನುಮಾನವಿದ್ದರೆ ಗಂಟಿನ ಜೀನ್ ಪರೀಕ್ಷೆ ಮಾಡಿಸಬಹುದು, ಆದರೆ ಅದು ದುಬಾರಿ. ಕೀಮೋ ಬೇಡವಾದರೆ, ಗಂಟನ್ನಷ್ಟೇ ತೆಗೆಸಿಕೊಂಡವರಿಗೆ ಉಳಿಯುವುದು ರೇಡಿಯೇಷನ್. ಮೊದಲೆಲ್ಲ ಇದಕ್ಕೆ ಐದು ವಾರ ಹಿಡಿಯುತ್ತಿತ್ತು. ಈಗ ಮೂರು ವಾರದ ಕ್ರಮ ವಾಡಿಕೆಯಲ್ಲಿದೆ. ಕೆಲವರಿಗೆ ಒಂದೇ ವಾರದಲ್ಲಿ ಐದು ಸಲ ಕೊಟ್ಟು ಮುಗಿಸುವುದೂ ಉಂಟು, 2020ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ಅದಕ್ಕೆ ಆಧಾರ ಒದಗಿಸಿತು. ಅದು ನಿಮಗೆ ಹೊಂದುತ್ತದೆಯೇ ಎಂದು ಕೇಳಿ ನೋಡಿ. ಒಟ್ಟಿನಲ್ಲಿ ಇಂದಿನಿಂದ ಒಂಬತ್ತು ಹತ್ತು ವಾರಕ್ಕೆ, ಮಗುವಿಗೆ ಇನ್ನೂ ತಿಂಗಳು ತುಂಬುವ ಮೊದಲೇ, ನೀವು ಅಲ್ಲಿರಬಹುದು.

ಕೀಮೋ ಬೇಕೆಂದಾದರೆ ಅದರ ನಾಲ್ಕು ಸುತ್ತು, ಆಮೇಲೆ ರೇಡಿಯೇಷನ್ ಎಲ್ಲ ಮುಗಿಯುವಾಗ ಮಗುವಿಗೆ ನಾಲ್ಕೈದು ತಿಂಗಳಾಗಿರುತ್ತದೆ. ಅನ್ನಪ್ರಾಶನಕ್ಕೆ ಹೋಗುತ್ತೀರಿ. ಇದನ್ನು ಕೇಳಲು ಸಂಕಟವಾಗುತ್ತದೆ, ನನಗೆ ಗೊತ್ತು. ಆದರೂ ಕೀಮೋ ಅರ್ಧಕ್ಕೆ ಬಿಟ್ಟು ಹೋಗಿ ಬಂದು ಮುಂದುವರಿಸುವ ಯೋಚನೆ ಮಾತ್ರ ಬೇಡ.

ಇಲ್ಲೊಂದು ಎಚ್ಚರಿಕೆ. ರೇಡಿಯೇಷನ್ ತಪ್ಪಿದರೆ ಬೇಗ ಹೊರಡಬಹುದು ಎಂದು ಪೂರ್ತಿ ಸ್ತನವನ್ನೇ ತೆಗೆಸಿಬಿಡುವ ಆಲೋಚನೆ ಕೆಲವರಿಗೆ ಬರುತ್ತದೆ. ಬೇರೆ ಕಾರಣಕ್ಕೆ ನಿಮಗೆ ಅದೇ ಸಮ್ಮತವಾಗಿದ್ದರೆ ಸರಿ. ಎರಡು ಮೂರು ವಾರ ಉಳಿಸಲು ಎಂದಾದರೆ ಮಾಡಬೇಡಿ. ತೆಗೆದ ಮೇಲೂ ರಿಪೋರ್ಟ್ ನೋಡಿ ರೇಡಿಯೇಷನ್ ಬೇಕು ಎನ್ನಬಹುದು, ಆಗ ಸ್ತನ, ಉಳಿಸಬೇಕೆಂದಿದ್ದ ವಾರಗಳು ಎರಡೂ ಕೈತಪ್ಪುತ್ತವೆ.

ಒಂದು ವರ್ಷ ವಿಮಾನ ಹತ್ತಬಾರದು ಎಂಬುದು ಸುಳ್ಳು. ಗಾಯದ ನೀರು ಹೊರಹೋಗಲು ಇಟ್ಟ ಡ್ರೈನ್ ಪೈಪ್ ತೆಗೆದು, ಗಾಯ ಒಣಗಿ, ಸರ್ಜನ್ ಹೂಂ ಅಂದರೆ ಹಾರಬಹುದು.

ಮೊದಲ ತಿಂಗಳು ಮಗಳನ್ನು ನೋಡಿಕೊಳ್ಳುವವರು ಯಾರು ಎಂಬುದೇ ನಿಮ್ಮ ನಿಜವಾದ ಕೊರಗು ಎಂದು ನಿಮ್ಮ ಪತ್ರದಿಂದ ತಿಳಿಯುತ್ತದೆ. ನಮ್ಮಲ್ಲಿ ಮೊದಲು ತಾಯಿ, ಆಮೇಲೆ ಅತ್ತೆ ಎಂದು ಸರದಿ ಹಾಕಿಕೊಂಡು ಅಮೆರಿಕಕ್ಕೆ ಹೋಗುವುದು ಮಾಮೂಲಿ. ಬೀಗಿತ್ತಿಯ ಜೊತೆ ಮಾತಾಡಿ ಸರದಿ ಅದಲು ಬದಲು ಮಾಡಿಕೊಳ್ಳಿ. ವಿಸಿಟರ್ ವೀಸಾದಲ್ಲಿ ಅಲ್ಲಿ ತಂಗುವ ಅವಧಿ ನೀವು ಇಳಿದ ದಿನದಿಂದ ಲೆಕ್ಕ, ಸಾಮಾನ್ಯವಾಗಿ ಆರು ತಿಂಗಳವರೆಗೆ ಕೊಡುತ್ತಾರೆ. ತಡವಾಗಿ ಹೋದರೆ ದಿನಗಳೇನೂ ಕಳೆದುಹೋಗುವುದಿಲ್ಲ. ಟಿಕೆಟ್ ದಿನ ಬದಲಿಸಲು ವೈದ್ಯರಿಂದ ಒಂದು ಪತ್ರ ತೆಗೆದುಕೊಂಡು ವಿಮಾನ ಕಂಪನಿಯನ್ನು ಕೇಳಿ. ಚಿಕಿತ್ಸೆಯ ನಂತರ ಮೊದಲ ವರ್ಷಗಳಲ್ಲಿ ತಪಾಸಣೆ ಇರುವುದು ಮೂರರಿಂದ ಆರು ತಿಂಗಳಿಗೊಮ್ಮೆ, ಆದ್ದರಿಂದ ಆಗ ಮೂರು ತಿಂಗಳು ನಿಶ್ಚಿಂತೆಯಿಂದ ಇದ್ದು ಬರಬಹುದು. ಇದೆಲ್ಲ ಮಗಳಿಗೆ ಗೊತ್ತಿರದೆ ಆಗುವ ಕೆಲಸವಲ್ಲ. ಆಪರೇಷನ್ ದಿನ ಗೊತ್ತಾದ ಕೂಡಲೇ ಅಳಿಯನೂ ಜೊತೆಗಿರುವಾಗ ಫೋನ್ ಮಾಡಿ, ಕಾಯಿಲೆ ಏನು, ಚಿಕಿತ್ಸೆ ಯಾವಾಗ ಶುರು, ನಾನು ಯಾವಾಗ ಬರುತ್ತೇನೆ ಎಂದು ಮೂರನ್ನೂ ಒಟ್ಟಿಗೆ ಹೇಳಿ. ಹೆರಿಗೆ ಮನೆಯಲ್ಲಿ ಮಲಗಿದವಳಿಗೆ ಅಮ್ಮ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಇನ್ನೂ ಕೆಟ್ಟದ್ದು. ಎತ್ತಿಕೊಂಡರೆ, ಮುದ್ದಿಸಿದರೆ ಕ್ಯಾನ್ಸರ್ ಮಗುವಿಗೆ ಅಂಟುವುದಿಲ್ಲ ಎಂಬುದನ್ನೂ ಮನೆಯ ಎಲ್ಲರಿಗೂ ತಿಳಿಸಿ.

ಈ ಉತ್ತರ ನಿಮ್ಮ ರಿಪೋರ್ಟಿಗೆ ಮಾತ್ರ. ಟ್ರಿಪಲ್ ನೆಗೆಟಿವ್ (ಇಆರ್, ಪಿಆರ್, ಹರ್2 ಮೂರೂ ನೆಗೆಟಿವ್) ಅಥವಾ ಹರ್2 ಪಾಸಿಟಿವ್ ಎಂದು ಬಂದವರು ಇದನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಅವು ಬೇಗ ಬೆಳೆಯುವ ಬಗೆಗಳು, ಹಲವು ಸಲ ಕೀಮೋದಿಂದಲೇ ಚಿಕಿತ್ಸೆ ಶುರುವಾಗುತ್ತದೆ.

ಪ್ರಶ್ನೆ: ನನಗೆ 36. ಮೂರು ವಾರಕ್ಕೊಮ್ಮೆ ಕೀಮೋ ನಡೆಯುತ್ತಿದೆ, ಎರಡು ಆಗಿದೆ. ಮುಂದಿನ ತಿಂಗಳು ಬೆಳಗಾವಿಯಲ್ಲಿ ತಮ್ಮನ ಮದುವೆ. ಹೋಗಬಹುದೇ? ಒಂದು ಕೀಮೋ ಬಿಟ್ಟರೆ ನಡೆಯುತ್ತದೆಯೇ?
— ದಾವಣಗೆರೆಯ ಓದುಗರು

ಉತ್ತರ: ಹೋಗಿ ಬನ್ನಿ. ಕೀಮೋ ಬಿಡಬೇಡಿ.

ಕೀಮೋ ಆದ ಏಳರಿಂದ ಹದಿನಾಲ್ಕನೇ ದಿನದವರೆಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆ ವಾರ ಕಲ್ಯಾಣ ಮಂಟಪದ ಜನಜಂಗುಳಿ ಒಳ್ಳೆಯದಲ್ಲ. ಮೂರನೇ ವಾರದಲ್ಲಿ ಕಣಗಳು ಏರಿ, ಮೈಯಲ್ಲೂ ಕಸುವು ಬಂದಿರುತ್ತದೆ. ಮದುವೆ ಆ ವಾರದಲ್ಲಿ ಬೀಳುವಂತಿದ್ದರೆ ಏನೂ ಬದಲಿಸಬೇಕಾಗಿಲ್ಲ. ಬೀಳದಿದ್ದರೆ ಈಗಲೇ ನಿಮ್ಮ ವೈದ್ಯರಿಗೆ ಲಗ್ನಪತ್ರಿಕೆ ತೋರಿಸಿ ಕೇಳಿ. ಕೆಲವು ದಿನ ಸರಿಸಲು ಒಪ್ಪಬಹುದು. ಹಿಂದಿನ ದಿನ ಫೋನ್ ಮಾಡಿ ನಾಳೆ ಬರುವುದಿಲ್ಲ ಎನ್ನುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಹೊರಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ಒಂದು ಥರ್ಮಾಮೀಟರ್ ಪರ್ಸಿನಲ್ಲೇ ಇರಲಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಮಲಗಬೇಡಿ. ತಾಳಿ ಕಟ್ಟುವ ಹೊತ್ತಾದರೂ ಸರಿ, ಆಸ್ಪತ್ರೆಗೆ ಹೋಗಿ ಕೀಮೋ ನಡೆಯುತ್ತಿದೆ ಎಂದು ಹೇಳಿ. ಯಾವ ಆಸ್ಪತ್ರೆ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಂಡಿರಿ. ಊಟ ಬಿಸಿಯಾಗಿ, ಮೊದಲ ಪಂಕ್ತಿಯಲ್ಲೇ ಆಗಲಿ. ಹೆಚ್ಚಿಟ್ಟ ಹಣ್ಣು, ಕೋಸಂಬರಿ, ಹೊರಗಿನ ಐಸ್ ಬೇಡ. ಕೆಮ್ಮು ನೆಗಡಿ ಇರುವ ನೆಂಟರು ಅಪ್ಪಿಕೊಳ್ಳಲು ಬಂದರೆ ದೂರದಿಂದಲೇ ಕೈ ಮುಗಿಯಿರಿ, ಯಾರೂ ತಪ್ಪು ತಿಳಿಯುವುದಿಲ್ಲ.

ಪ್ರಶ್ನೆ: ಕಳೆದ ವರ್ಷ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದಿದೆ, ಈಗ ಟೆಮಾಕ್ಸಿಫೆನ್ ಎಂಬ ಹಾರ್ಮೋನ್ ಚಿಕಿತ್ಸೆಯ ಮಾತ್ರೆಯಲ್ಲಿದ್ದೇನೆ, ವಯಸ್ಸು 45. ಮೆಲ್ಬರ್ನ್‌ನಲ್ಲಿರುವ ಅಕ್ಕನ ಮನೆಗೆ ಹೋಗುವಾಗ ಮಾತ್ರೆ ನಿಲ್ಲಿಸಬೇಕೇ?
— ಮಂಗಳೂರಿನ ಓದುಗರು

ಉತ್ತರ: ನೀವಾಗಿ ನಿಲ್ಲಿಸಬೇಡಿ. ಈ ಮಾತ್ರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ತುಸು ಹೆಚ್ಚಿಸುತ್ತದೆ, ತಾಸುಗಟ್ಟಲೆ ಅಲ್ಲಾಡದೆ ಕೂರುವುದೂ ಅಷ್ಟೇ. ಹಿಂದೆ ನಿಮಗೆ ಹಾಗೆ ಹೆಪ್ಪುಗಟ್ಟಿದ್ದುಂಟಾದರೆ ವೈದ್ಯರನ್ನು ಕಾಣದೆ ಹೊರಡಬೇಡಿ. ಇಲ್ಲದಿದ್ದರೆ ನಡುದಾರಿಯ ಪಕ್ಕದ ಸೀಟು ತೆಗೆದುಕೊಂಡು ಆಗಾಗ ಎದ್ದು ಓಡಾಡಿ, ನೀರು ಕುಡಿಯಿರಿ, ಬಿಗಿ ಕಾಲುಚೀಲ ಬೇಕೇ ಎಂದು ಕೇಳಿಕೊಳ್ಳಿ. ಇಳಿದ ಮೇಲೆ ಒಂದೇ ಕಾಲು ಊದಿ ನೋಯತೊಡಗಿದರೆ, ಉಸಿರಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಾತ್ರೆಯ ಸ್ಟ್ರಿಪ್‌ಗಳನ್ನು, ಔಷಧಿಯ ಮೂಲ ಹೆಸರಿರುವ ಚೀಟಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆಯಿಂದ ಐದೂವರೆ ತಾಸು ಮುಂದಿರುತ್ತದೆ. ದಿನಕ್ಕೊಂದು ಮಾತ್ರೆ ತಪ್ಪದಿದ್ದರೆ ಸಾಕು, ಗಂಟೆ ಹೊಂದಿಸಲು ಒದ್ದಾಡಬೇಡಿ.