ಕೊನೆಯ ದಿನ ಎಷ್ಟು ತುಳಿಯಬೇಕು?

ಪ್ರಶ್ನೆ: ನಾನು ಮತ್ತು ನನ್ನ ಗಂಡ ಡಿಸೆಂಬರಿನಲ್ಲಿ ಕಾರವಾರದಿಂದ ಮಂಗಳೂರಿಗೆ ಸೈಕಲ್ಲಿನಲ್ಲಿ ಹೊರಟಿದ್ದೇವೆ. ಟೆಂಟು, ಪುಟ್ಟ ಗ್ಯಾಸ್ ಒಲೆ ಎಲ್ಲ ಜೊತೆಗೇ. ಐದನೇ ರಾತ್ರಿ ಮರವಂತೆಯಲ್ಲಿ ಉಳಿದು, ಆರನೇ ದಿನ ಒಂದೇ ಏಟಿಗೆ ಮಂಗಳೂರು ಮುಟ್ಟಿ, ಸೈಕಲ್ಲುಗಳ ಸಮೇತ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಬರೋಣ ಅಂತ ಇವರ ಲೆಕ್ಕ. ನನಗೆ ಯಾಕೋ ಧೈರ್ಯ ಸಾಲುತ್ತಿಲ್ಲ. ಏನಂತೀರಿ?
— ಓದುಗಿ, ಬೆಂಗಳೂರು

ಉತ್ತರ: ನಿಮ್ಮ ಯಜಮಾನರಿಗೆ ಬೇಜಾರಾದರೂ ಪರವಾಗಿಲ್ಲ, ನಾನು ನಿಮ್ಮ ಕಡೆ. ಲೆಕ್ಕ ನೋಡಿ. ಐದು ದಿನಕ್ಕೆ 150 ಕಿಲೋಮೀಟರು ಚಿಲ್ಲರೆ, ಕೊನೆಯ ಒಂದೇ ದಿನಕ್ಕೆ 110ರ ಹತ್ತಿರ! ಮರವಂತೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ, ಒಪ್ಪಿದೆ. ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಆದರೆ ಅಲ್ಲಿ ನಾಲ್ಕನೇ ರಾತ್ರಿ ಉಳಿಯಿರಿ, ಐದನೇ ರಾತ್ರಿ ಕಾಪುವಿಗೆ ಬನ್ನಿ. ಅಲ್ಲಿಂದ ಮಂಗಳೂರು 45 ಕಿಲೋಮೀಟರಿನ ಒಳಗೇ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಕೆಲವು ವರ್ಷದ ಹಿಂದೆ ನಾನೂ ಹೆಂಡತಿಯೂ ಕುಂದಾಪುರದಿಂದ ಹೀಗೇ ಒಂದೇ ದಿನಕ್ಕೆ ಹೊರಟು, ಮಧ್ಯಾಹ್ನ ಮುಲ್ಕಿ ದಾಟುವ ಮೊದಲೇ ಅವಳ ಹಿಂದಿನ ಚಕ್ರ ಎರಡನೇ ಸಲ ಪಂಚರ್ ಆಗಿ, ನಾನು ಗಡಿಯಾರ ನೋಡುತ್ತಾ "ಬೇಗ, ಬೇಗ" ಅಂದದ್ದಕ್ಕೆ ಅವಳು ಪಂಪನ್ನು ನನ್ನ ಕೈಗೆ ಕೊಟ್ಟು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಹೋಗಿ ಕುಳಿತುಬಿಟ್ಟಳು. ರೈಲು ತಪ್ಪಿತು. ಆ ರಾತ್ರಿ ಲಾಡ್ಜಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಅದಕ್ಕೆ ಮುಂಚಿನ ಐದು ದಿನ ಚೆನ್ನಾಗಿಯೇ ಇದ್ದೆವು, ಅದು ಬೇರೆ ಮಾತು.

ಕಾಪುವಿನಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಟೆಂಟು ಎಲ್ಲಿ ಹಾಕಬಹುದು ಅಂತ ಅಲ್ಲಿನವರನ್ನು ಕೇಳಿಯೇ ಹಾಕಿ. ಬೆಳಿಗ್ಗೆ ಇಬ್ಬನಿಗೆ ಟೆಂಟು ತೊಪ್ಪೆಯಾಗಿರುತ್ತದೆ, ಅದನ್ನು ಹಾಗೇ ಸುತ್ತಿಡಬೇಡಿ, ಪಡುಬಿದ್ರಿಯಲ್ಲಿ ನಿಂತಾಗ ಹತ್ತು ನಿಮಿಷ ಹರವಿದರೆ ಸಾಕು. 2020ರಲ್ಲಿ ಬ್ಲೂ ಫ್ಲಾಗ್ (ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕ ಕಡಲತೀರ ಇರುವುದು ಇಲ್ಲೇ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಇರುವುದರಿಂದ ಉಪ್ಪು, ಮರಳು ಎಲ್ಲ ತೊಳೆದುಕೊಂಡು ಮನುಷ್ಯರಂತೆ ಊರು ಸೇರಬಹುದು. ತಿಂಡಿಗೆ ಬನ್ಸ್, ಸೆಕೆಗೆ ಪುನರ್ಪುಳಿ ಶರಬತ್ತು, ಇದನ್ನು ಬೇರೆ ಹೇಳಬೇಕಾ?

ಕಷ್ಟ ಇರುವುದು ಸುರತ್ಕಲ್ ದಾಟಿದ ಮೇಲೆ. ಬೈಕಂಪಾಡಿಯ ಕಾರ್ಖಾನೆಗಳು, ಪಣಂಬೂರಿನ ಬಂದರು, ಆಮೇಲೆ ಕೂಳೂರು ಸೇತುವೆ. ಉದ್ದಕ್ಕೂ ಟ್ಯಾಂಕರು, ಕಂಟೇನರ್ ಲಾರಿ. ಮೀನಿನ ಲಾರಿಯ ಹಿಂದೆ ಹೋಗಲೇಬೇಡಿ, ಅದರಿಂದ ಸೋರುವ ನೀರಿಗೆ ಚಕ್ರ ಜಾರುತ್ತದೆ, ವಾಸನೆ ಸಾಲದ್ದಕ್ಕೆ. ಇಲ್ಲಿ ಅಕ್ಕಪಕ್ಕ ಮಾತಾಡಿಕೊಂಡು ಹೋಗುವುದು ಬೇಡ, ಒಬ್ಬರ ಹಿಂದೆ ಒಬ್ಬರು. ಸೋತಿರುವ ಕಾಲಲ್ಲಿ, ಸಂಜೆ ಬೆಳಕಲ್ಲಿ ಈ ದಾರಿ ಬೇಡವೆಂದೇ ಕಾಪು ಅಂದದ್ದು.

ಇನ್ನು ರೈಲು. ಮಂಗಳೂರಿನಲ್ಲಿ ಸೆಂಟ್ರಲ್, ಜಂಕ್ಷನ್ ಅಂತ ಎರಡು ನಿಲ್ದಾಣ, ನಡುವೆ ಐದಾರು ಕಿಲೋಮೀಟರು. ನಿಮ್ಮ ಟಿಕೆಟ್ ಯಾವುದರಿಂದ ಅಂತ ಈಗಲೇ ನೋಡಿಡಿ. ಟಿಕೆಟ್ ತೋರಿಸಿ ಸೈಕಲನ್ನು ಲಗೇಜ್ ಅಂತಲೇ ಬುಕ್ ಮಾಡಿ, ಆಗ ನಿಮ್ಮ ರೈಲಿನ ಬ್ರೇಕ್ ವ್ಯಾನಿನಲ್ಲೇ (ಸಾಮಾನು ಹಾಕುವ ಬೋಗಿ) ಬರುತ್ತದೆ. ಬರೀ ಪಾರ್ಸೆಲ್ ಅಂದರೆ ಬೇರೆ ರೈಲಿನಲ್ಲಿ ಹಿಂದಿನಿಂದ ಬರಬಹುದು. ಅರ್ಧ ಗಂಟೆ ಮೊದಲು ಹೋದರೆ ನಡೆಯುತ್ತದೆ ಅನ್ನುತ್ತಾರೆ, ನೀವು ಮೂರು ಗಂಟೆ ಮೊದಲೇ ಹೋಗಿ. ಚೀಲಗಳನ್ನು ಬಿಚ್ಚಿ ಕೈಯಲ್ಲಿಟ್ಟುಕೊಳ್ಳಿ, ಹ್ಯಾಂಡಲ್ಲಿಗೆ, ಗೇರಿಗೆ ಗೋಣಿ ಸುತ್ತಿ, ಹೆಸರು, ಫೋನ್ ನಂಬರು, ಇಳಿಯುವ ಊರು ದಪ್ಪಗೆ ಬರೆದು ಕಟ್ಟಿ. ಆ ಗ್ಯಾಸ್ ಕ್ಯಾನನ್ನು ಮಾತ್ರ ರೈಲಿಗೆ ಹತ್ತಿಸುವಂತಿಲ್ಲ, ಬ್ರೇಕ್ ವ್ಯಾನಿಗೂ ಇಲ್ಲ. ಕೊನೆಯ ಬೆಳಿಗ್ಗೆ ಎರಡು ಸಲ ಚಹಾ ಮಾಡಿ ಮುಗಿಸಿಬಿಡಿ.

ಪ್ರಶ್ನೆ: ಟ್ರಿಪ್ ಮುಗಿಸಿ ಬಂದು ಟೆಂಟನ್ನು ಹಾಗೇ ಅಟ್ಟಕ್ಕೆ ಹಾಕಿದ್ದೆ. ಈಗ ಕಪ್ಪು ಚುಕ್ಕೆ, ಮುಗ್ಗಲು ವಾಸನೆ. ವಾಷಿಂಗ್ ಮೆಷಿನ್ನಿಗೆ ಹಾಕಲಾ?
— ಓದುಗ, ಶಿವಮೊಗ್ಗ

ಉತ್ತರ: ಬೇಡ್ರೀ! ಮೆಷಿನ್ನಿಗೆ ಹಾಕಿದರೆ ನೀರು ತಡೆಯುವ ಲೇಪನ ಕಿತ್ತುಬರುತ್ತದೆ. ಟೆಂಟನ್ನು ಅಂಗಳದಲ್ಲಿ ನಿಲ್ಲಿಸಿ, ಉಗುರುಬೆಚ್ಚಗಿನ ನೀರು, ಮೆದು ಸೋಪು, ಸ್ಪಂಜು ಹಿಡಿದು ಕೈಯಲ್ಲೇ ಒರೆಸಿ. ನೆರಳಲ್ಲಿ ಎರಡು ದಿನ ಒಣಗಲಿ, ಬಿಸಿಲಿಗೆ ನೈಲಾನ್ ಸೋಲುತ್ತದೆ. ವಾಸನೆ ಹೋಗುತ್ತದೆ, ಚುಕ್ಕೆ ಪೂರ್ತಿ ಹೋಗುವುದು ಕಷ್ಟ.